ಮೂರು ವಾದ್ಯ, ಮುನ್ನೂರು ತಕರಾರು

"ಸಿಲ್ವರ್ ಓಕಾ? ಅದು ಮೆಣಸಿನ ಬಳ್ಳಿ ಹಬ್ಬಿಸೋಕೆ ನೆಡೋ ಮರ ಕಣಮ್ಮ. ಅದರಲ್ಲಿ ನಾದ ಬರುತ್ತಾ?"

ಹಿರಿಯರು ಕೇಳಿದ್ದು ತಮಾಷೆಗಲ್ಲ. ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿ ಕೈ ಪಳಗಿಸಿಕೊಂಡವರು ಅವರು. ನಿವೃತ್ತಿಯಾದ ಮೇಲೆ ಸ್ಕೂಟರ್ ಶೆಡ್ಡಿನಿಂದ ಸ್ಕೂಟರನ್ನು ಬೀದಿಗೆ ತಳ್ಳಿ, ಒಳಗೆ ತಂಬೂರಿ ಕಟ್ಟುತ್ತಿದ್ದಾರೆ. ಎದುರಿಗೆ ಕೂತ ತರುಣಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವಳು. ಶನಿವಾರ, ಭಾನುವಾರ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಉಕುಲೇಲೆ ಮಾಡುತ್ತಾಳೆ. ಮೂರನೆಯವರು ಸಾಗರದ ಕಡೆಯ ಪ್ರೌಢಶಾಲೆಯೊಂದರ ವಿಜ್ಞಾನದ ಮೇಷ್ಟ್ರು, ಕೊಳಲು ಕೊರೆಯುವವರು. ಮೂವರಲ್ಲಿ ಯಾರಿಗೂ ಇದು ಹೊಟ್ಟೆಪಾಡಲ್ಲ. ಗಿರಾಕಿ ಇಲ್ಲ, ಗಡುವೂ ಇಲ್ಲ. ಹಾಗಾಗಿ ಅರ್ಧ ಮುಗಿದದ್ದನ್ನು ಒಬ್ಬರಿಗೊಬ್ಬರು ತೋರಿಸಿ ತಗಾದೆ ತೆಗೆಯಲು ಬೇಕಾದಷ್ಟು ಪುರುಸೊತ್ತಿದೆ.

"ಉಕುಲೇಲೆ ಶುರುವಾಗಿದ್ದೇ ಕೈಗೆ ಸಿಕ್ಕಿದ ಮರದಿಂದ ಸಾರ್," ಎಂದಳು ತರುಣಿ. "1879ರ ಆಗಸ್ಟಿನಲ್ಲಿ ರೇವನ್ಸ್‌ಕ್ರಾಗ್ ಅನ್ನೋ ಹಡಗು ಪೋರ್ಚುಗೀಸರ ಮದೀರಾ ದ್ವೀಪದಿಂದ ಹೊನೊಲುಲುಗೆ ಬಂತು. ಕಬ್ಬಿನ ತೋಟಕ್ಕೆ ಕೂಲಿಗೆ ಬಂದವರ ಜತೆ ಮೂವರು ಬಡಗಿಗಳೂ ಇದ್ದರು. ತಮ್ಮೂರಿನ ಪುಟ್ಟ ಗಿಟಾರನ್ನು ಅಲ್ಲಿ ಮಾಡೋಕೆ ಹೊರಟಾಗ ಯುರೋಪಿನ ಮರ ಎಲ್ಲಿ ಸಿಗಬೇಕು? ಹವಾಯಿಯ ಕೋವಾ ಮರದಲ್ಲೇ ಮಾಡಿದರು. ಇವತ್ತು ಉಕುಲೇಲೆಗೆ ಕೋವಾನೇ ಶ್ರೇಷ್ಠ ಅಂತ ಜನ ದುಪ್ಪಟ್ಟು ದುಡ್ಡು ಕೊಡ್ತಾರೆ."

"ಅಂದರೆ ನಾಳೆ ಸಕಲೇಶಪುರದ ಸಿಲ್ವರ್ ಓಕಿಗೂ ಆ ಯೋಗ ಬರಬಹುದು ಅಂತಾಯ್ತು," ಎಂದರು ಮೇಷ್ಟ್ರು.

ಹಳೆಯ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತಿ ತಂದಿದ್ದ ಹಲಗೆಯನ್ನು ಅವಳು ಬಿಚ್ಚಿಟ್ಟಳು. ವಾದ್ಯದ ಮುಂಬದಿಯ ಹಲಗೆ, ಇನ್ನೂ ಅಂಟಿಸಿಲ್ಲ. ಎರಡು ಮಿಲಿಮೀಟರಿಗೆ ಇಳಿಸಿದ್ದಾಳೆ. ಬೆಳಕಿಗೆ ಓರೆಯಾಗಿ ಹಿಡಿದರೆ ಸಿಲ್ವರ್ ಓಕಿನ ಮೈಮೇಲೆ ಮೀನಿನ ಹುರುಪೆಯ ಹಾಗೆ ಹೊಳೆಯುವ ಚುಕ್ಕೆಗಳು. ಕೆಳಗೆ ನಾಲ್ಕು ತುಂಡು ಸ್ಪಂಜು, ಅವುಗಳ ನಡುವೆ ಸಣ್ಣದೊಂದು ಸ್ಪೀಕರು, ಹಲಗೆಯ ಮೇಲೆ ಒಂದು ಚಮಚ ಚಹಾಪುಡಿ. ಮೊಬೈಲಿನಿಂದ ಒಂದೇ ಸ್ವರವನ್ನು ಬಿಟ್ಟು ನಿಧಾನವಾಗಿ ಏರಿಸುತ್ತ ಹೋದಳು. ಒಂದು ಹಂತದಲ್ಲಿ ಚಹಾಪುಡಿ ಮೈಮೇಲೆ ಬಂದಂತೆ ಕುಣಿಯತೊಡಗಿತು. ಹಲಗೆ ಅಲುಗುವ ಕಡೆಯಿಂದ ಹಾರಿ, ಅಲುಗದ ಕಡೆ ಹೋಗಿ ಕೂತು, ನಡುವೆ ಒಂದು ಉದ್ದನೆಯ ಉಂಗುರ ಬಿಡಿಸಿತು. 1787ರಲ್ಲಿ ಜರ್ಮನಿಯ ಕ್ಲಾಡ್ನಿ ಲೋಹದ ತಗಡಿನ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆದು ಪ್ರಕಟಿಸಿದ ಚಿತ್ರಗಳ ತತ್ತ್ವವೂ ಇದೇ. ಗಿಟಾರ್ ಮಾಡುವವರು ಮರಳಿನ ಬದಲು ಚಹಾಪುಡಿ ಬಳಸುತ್ತಾರೆ. ಹಗುರ, ಮರಕ್ಕೆ ಗೀರೂ ಬೀಳದು.

ಉಂಗುರ ಎಡಗಡೆ ಸ್ವಲ್ಪ ಸೊಟ್ಟಗಿತ್ತು.

ಹಿರಿಯರು ಚಹಾಪುಡಿ ಕೊಡವಿ ಹಲಗೆಯನ್ನು ಎರಡು ಬೆರಳಲ್ಲಿ ತೂಗುಹಾಕಿ ಹಿಡಿದರು. ಕಿವಿಯ ಹತ್ತಿರ ತಂದು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದರು. "ಈ ಕಡೆ ಮಂಕಾಗಿದೆ. ದಪ್ಪ ಬಿಟ್ಟಿದೀಯ." ಕ್ಯಾಲಿಪರ್ ಹಚ್ಚಿ ನೋಡಿದರೆ ಅಲ್ಲಿ 2.3 ಮಿಲಿಮೀಟರು. ಚಹಾಪುಡಿ ಹೇಳಿದ್ದನ್ನೇ ಗೆಣ್ಣೂ ಹೇಳಿತ್ತು. ಆದರೆ ಚಹಾಪುಡಿಯನ್ನು ಓದಲು ಒಂದು ಸಂಜೆಯಲ್ಲಿ ಕಲಿಯಬಹುದು, ಗೆಣ್ಣಿಗೆ ಹತ್ತಾರು ವರ್ಷ ಬೇಕು. ಹವ್ಯಾಸಿಗಳಿಗೆ ಉಪಕರಣ ಅನಿವಾರ್ಯವಾಗುವುದು ಹೀಗೆ.

"ಸರಿ, ಮುಂದಿನ ಹಲಗೆಗೆ ಸಿಲ್ವರ್ ಓಕ್ ನಡೀಬಹುದು ಅನ್ನೋಣ," ಎಂದು ಹಿರಿಯರು ಒಂದು ಹೆಜ್ಜೆ ಹಿಂದೆ ಸರಿದರು. "ಹಿಂಬದಿಗೆ? ಪಕ್ಕಕ್ಕೆ? ಅಲ್ಲಾದರೂ ಹಲಸೋ ಬೀಟೆಯೋ ಹಾಕು."

ತರುಣಿ ಇದಕ್ಕೇ ಕಾದಿದ್ದಳು. "1862ರಲ್ಲಿ ಸ್ಪೇನಿನ ಆಂಟೋನಿಯೊ ದೆ ಟೊರೆಸ್ ಒಂದು ಗಿಟಾರ್ ಮಾಡಿದ ಸಾರ್. ಈಗಿನ ಗಿಟಾರಿನ ಆಕಾರ ಬಂದಿದ್ದೇ ಅವನಿಂದ. ಮುಂಬದಿಗೆ ಒಳ್ಳೆ ಸ್ಪ್ರೂಸ್ ಮರ. ಹಿಂಬದಿ, ಪಕ್ಕ ಎರಡಕ್ಕೂ ಬರೀ ಕಾಗದದ ರಟ್ಟು! ನಾದ ಹುಟ್ಟೋದು ಮುಂದಿನ ಹಲಗೆಯಲ್ಲಿ ಅಂತ ತೋರಿಸೋಕೇ ಹಾಗೆ ಮಾಡಿದ್ದು. ಆ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ಮ್ಯೂಸಿಯಮ್ಮಿನಲ್ಲಿದೆ."

"ಒಬ್ಬ ಮಾಡಿದ್ದು ತೋರಿಸಿ ನಂಬು ಅಂದ್ರೆ?"

"2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಆರು ಗಿಟಾರ್ ಮಾಡಿಸಿದರು. ಎಲ್ಲ ಒಂದೇ ನಮೂನೆ, ಹಿಂಬದಿ-ಪಕ್ಕದ ಮರ ಮಾತ್ರ ಬೇರೆ ಬೇರೆ. ನಮ್ಮ ಬೀಟೆಯೂ ಒಂದು. ಯಾವ ಮರ ಅಂತ ಕಾಣದ ಹಾಗೆ 52 ವಾದಕರ ಕೈಗೆ ಕೊಟ್ಟರು. ದುಬಾರಿ ಮರಕ್ಕೆ ಹೆಚ್ಚು ಅಂಕ ಬೀಳಲೇ ಇಲ್ಲ."

ಹಿರಿಯರು ಸ್ವಲ್ಪ ಹೊತ್ತು ಮಾತಾಡದೆ ತಂಬೂರಿಯ ಕೊಡದ ಮೇಲೆ ಕೈಯಾಡಿಸಿದರು. ಆಮೇಲೆ ಬಂದ ಮಾತಿನಲ್ಲಿ ಸೋತವರ ದನಿ ಇರಲಿಲ್ಲ. "ಗಿಟಾರು ತೆಳು ಹಲಗೆ ಬಗ್ಗಿಸಿ ಅಂಟಿಸೋ ಪೆಟ್ಟಿಗೆ. ನಮ್ಮ ವೀಣೆ, ತಂಬೂರಿ ಹಾಗಲ್ಲ. ದಿಮ್ಮಿಯನ್ನೇ ಉಳಿಯಲ್ಲಿ ತೋಡಿ ಕೊಡ ತೆಗೀಬೇಕು. ಕೊಡ, ದಂಡಿ ಎಲ್ಲಾ ಒಂದೇ ಮರದಲ್ಲಿ ತೆಗೆದರೆ ಏಕಾಂಡ ವೀಣೆ. ಹಲಸು ಉಳಿಗೆ ಒಗ್ಗುತ್ತೆ, ಒಣಗಿದ ಮೇಲೆ ಸೊಟ್ಟಗಾಗಲ್ಲ, ಹುಳ ಹಿಡಿಯೋದು ಕಡಿಮೆ. ನಿನ್ನ ಸಿಲ್ವರ್ ಓಕಿನ ದಿಮ್ಮಿ ತೋಡಿ ನೋಡು, ಆಮೇಲೆ ಮಾತಾಡೋಣ."

ಗಮನಿಸಬೇಕಾದದ್ದು, ಅವರು ಕೊಟ್ಟ ಮೂರು ಕಾರಣಗಳಲ್ಲಿ ಒಂದೂ ನಾದದ್ದಲ್ಲ. ಮೂರೂ ಕೆಲಸದ್ದು, ಬಾಳಿಕೆಯದ್ದು. ತಂಜಾವೂರಿನಿಂದ ಮೈಸೂರಿನವರೆಗೆ ವೀಣೆಯವರು ಹಲಸಿಗೆ ಅಂಟಿಕೊಂಡದ್ದರ ಗುಟ್ಟು ಬಹುಶಃ ಇಷ್ಟೇ: ಹಿತ್ತಲಲ್ಲಿ ಸಿಗುವ ಮರ, ತಲೆಮಾರು ಬಾಳುವ ಮರ. ವಾದದಲ್ಲಿ ತರುಣಿಯದೇ ಮೇಲುಗೈ ಎಂದು ಈ ಲೇಖಕನಿಗೆ ಅನ್ನಿಸುತ್ತದೆ. ಆದರೆ ಕೆಲಸ ಬಲ್ಲವರ ರೂಢಿಯನ್ನು ಬರೀ ನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಅವರು ಹೇಳುವ ಕಾರಣ ಒಂದಿದ್ದು ನಿಜವಾದ ಕಾರಣ ಇನ್ನೊಂದಿರಬಹುದು.

ಬೀಟೆಯ ಮಾತು ಬಂದಾಗ ಹಿರಿಯರು ಒಂದು ಹಳೆಯ ಕುರ್ಚಿಯ ಕಾಲು ತೋರಿಸಿದರು. ಗುಜರಿಯಲ್ಲಿ ಸಿಕ್ಕಿದ್ದು. ಅದರ ಅರ್ಧ ಈಗ ತಂಬೂರಿಯ ತಂತಿ ಹೊರುವ ಕುದುರೆಯಾಗಿದೆ. ಹೊಸ ಬೀಟೆ ಹುಡುಕಿ ಅಲೆಯುವ ಉಸಾಬರಿ ಅವರಿಗೆ ಬೇಡ. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣ ಪಟ್ಟಿಗೆ ಸೇರಿ, ಗಿಟಾರ್ ಕಂಪನಿಗಳು ಕಂಗಾಲಾಗಿದ್ದವು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಮರಕ್ಕಲ್ಲ. ಕುರ್ಚಿಯ ಕಾಲಿಗೆ ಯಾರ ಪರವಾನಗಿಯೂ ಬೇಕಿಲ್ಲ.

ಈ ಕುದುರೆಯೇ ಅವರ ಸದ್ಯದ ತಲೆನೋವು. ತಂಬೂರಿಯ ಕೆಲಸದಲ್ಲಿ ಮಿಕ್ಕಿದ್ದೆಲ್ಲ ಬಡಗಿಯ ಕೆಲಸ. ಕುದುರೆ ಮಾತ್ರ ಬೇರೆ. ಪಿಟೀಲಿನ ಕುದುರೆ ಚೂಪಾಗಿರುತ್ತದೆ, ತಂತಿ ಅಲ್ಲಿಗೆ ತಟ್ಟನೆ ಮುಗಿಯುತ್ತದೆ. ತಂಬೂರಿಯದ್ದು ಅಗಲ. ದೂರದಿಂದ ಚಪ್ಪಟೆ ಕಾಣುತ್ತದೆ, ಆದರೆ ಉಕ್ಕಿನ ಅಳತೆಪಟ್ಟಿ ಇಟ್ಟು ಹಿಂದಿನಿಂದ ಟಾರ್ಚ್ ಬಿಟ್ಟರೆ ನಡುವಿನಿಂದ ಅಂಚಿಗೆ ಕೂದಲೆಳೆಯಷ್ಟು ಇಳಿಜಾರು. ತಂತಿ ಕಂಪಿಸುವಾಗ ಆ ಇಳಿಜಾರನ್ನು ಸವರಿಕೊಂಡು ಏಳುತ್ತದೆ, ಬೀಳುತ್ತದೆ. ಆ ಸವರುವಿಕೆಯಿಂದ ಹುಟ್ಟುವ ಝೇಂಕಾರವೇ ಜವಾರಿ.

ಹಿರಿಯರು ಕುದುರೆಯ ಮೇಲೆ ಪೆನ್ಸಿಲ್ ಸೀಸ ತಿಕ್ಕಿ, ತಂತಿ ಮೀಟಿ, ಎತ್ತಿ ನೋಡಿದರು. ತಂತಿ ಸವರಿದಲ್ಲಿ ಸೀಸ ಹೊಳಪಾಗಿತ್ತು. ಹೊಳಪು ಎರಡು ತುಂಡಾಗಿ, ನಡುವೆ ಮಂಕು. "ಅಲ್ಲಿ ತಗ್ಗಿದೆ," ಎಂದು ಸಣ್ಣ ಅರದಿಂದ ನಾಲ್ಕೇ ಉಜ್ಜು ಉಜ್ಜಿದರು. ಬಳಿಕ ಪಂಚೆಯ ಅಂಚಿನಿಂದ ಒಂದು ನೂಲೆಳೆ ಕಿತ್ತು, ತಂತಿಗೂ ಕುದುರೆಗೂ ನಡುವೆ ತೂರಿಸಿ, ಉಗುರಿನಿಂದ ಹಿಂದಕ್ಕೂ ಮುಂದಕ್ಕೂ ತಳ್ಳುತ್ತ ಮೀಟಿದರು. ಟಿಣ್, ಟಿಣ್ ಎಂದು ಬಡಕಲಾಗಿ ಬರುತ್ತಿದ್ದ ದನಿ ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ಅರಳಿತು. ಷಡ್ಜದ ಒಳಗಿಂದ ಪಂಚಮ, ಅದರ ಮೇಲೆ ಗಾಂಧಾರ. ನೂಲು ಇನ್ನೊಂದು ಎಳೆ ಸರಿಯಿತು, ಮಾಯ.

"ಇದರ ಬಗ್ಗೆ ಸಿ.ವಿ. ರಾಮನ್ ಬರೆದಿದಾರೆ ಮಾರಾಯ್ರೆ," ಎಂದರು ಮೇಷ್ಟ್ರು, ತರಗತಿಯ ಹುರುಪಿನಲ್ಲಿ. "1921ರಲ್ಲಿ, ಕಲ್ಕತ್ತದಲ್ಲಿದ್ದಾಗ. ತಂತಿಯನ್ನು ಸರಿಯಾಗಿ ನಟ್ಟನಡುವೆ ಮೀಟಿದರೆ ಮೇಲಿನ ಷಡ್ಜ ಕೇಳಬಾರದು ಅಂತ ಆಗಿನ ಭೌತಶಾಸ್ತ್ರದ ನಿಯಮ. ಯಾಕಂದ್ರೆ ಆ ಸ್ವರಕ್ಕೆ ನಡುಬಿಂದು ಅಲುಗದ ಜಾಗ. ಅಲ್ಲಿ ಮೀಟಿ ಅದನ್ನು ಎಬ್ಬಿಸೋದು ಹ್ಯಾಗೆ? ಆದ್ರೆ ತಂಬೂರಿಯಲ್ಲೂ ವೀಣೆಯಲ್ಲೂ ಅದು ಜೋರಾಗೇ ಕೇಳ್ತದೆ. ಕಾರಣ ಕುದುರೆಯ ಈ ವಕ್ರ ಮೈ ಅಂತ ರಾಮನ್ ತೋರಿಸಿದ್ರು. ನೊಬೆಲ್ ಬರೋಕೆ ಒಂಬತ್ತು ವರ್ಷ ಮೊದಲು."

"ರಾಮನ್ ಬರೆಯೋ ಮೊದಲೂ ಜನ ಪಂಚೆಯಿಂದ ನೂಲು ಕೀಳ್ತಿದ್ದರು ಮೇಷ್ಟ್ರೇ."

"ಅದು ಹೌದು. ಯಾಕೆ ಕೀಳಬೇಕು ಅಂತ ಅವರು ಹೇಳಿದ್ದು."

ಎಲ್ಲರ ಮೊಬೈಲಿನಲ್ಲೂ ತಂಬೂರಿಯ ಆಪ್ ಇರುವಾಗ ಇಷ್ಟೆಲ್ಲ ಪಾಡು ಯಾಕೆ ಎಂದು ತರುಣಿ ಕೆಣಕಿದಳು. ಹಿರಿಯರಿಗೆ ಯಂತ್ರದ ಮೇಲೆ ಮುನಿಸೇನಿಲ್ಲ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದ ಜಿ. ರಾಜನಾರಾಯಣ್ ಸ್ವತಃ ಕೊಳಲು ನುಡಿಸುವವರು, ಎಚ್‌ಎಎಲ್‌ನಲ್ಲಿ ಇಂಜಿನಿಯರಾಗಿದ್ದವರು. "ಅವರ ಪೆಟ್ಟಿಗೆ ನಮ್ಮ ಮನೇಲೂ ಇದೆ. ಮಗಳ ಪಾಠಕ್ಕೆ ಅದೇ. ಇದು ನನ್ನ ಕೈ ತೀಟೆಗೆ," ಎಂದು ಮಾತು ಮುಗಿಸಿದರು.

ಮೇಷ್ಟ್ರ ಚೀಲದಿಂದ ಬಂದದ್ದು ಬಿದಿರಲ್ಲ, ಸಿಪಿವಿಸಿ ಪೈಪು. ಸ್ನಾನದ ಮನೆಗೆ ಬಿಸಿನೀರು ತರುವ ಅದೇ ಪೈಪು. ಒಂಬತ್ತನೇ ತರಗತಿಯ ಮಕ್ಕಳಿಗೆ ಮೊದಲು ಇದರಲ್ಲೇ ಕೊರೆಯಲು ಕೊಡುತ್ತಾರೆ. ಬಿದಿರು ಒಂದೊಂದು ಒಂದೊಂದು ತರ. ಒಳಗಿನ ಅಗಲ, ಗೋಡೆಯ ದಪ್ಪ ಯಾವುದೂ ಕೂಡಿಬರದು. ಪೈಪು ಎಲ್ಲವೂ ಒಂದೇ ಅಳತೆ. ಲೆಕ್ಕ ತಪ್ಪಿದರೆ ತಪ್ಪಿದ್ದು ಲೆಕ್ಕವೇ ಎಂದು ಗೊತ್ತಾಗುತ್ತದೆ.

"ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಎಲ್ಲ ತೂತು ಮುಚ್ಚಿದಾಗ 440 ಕಂಪನ ಬರಬೇಕು, ಅಂದರೆ ಆರು ಮನೆ ಶ್ರುತಿಯ ಷಡ್ಜ. ವೇಗವನ್ನು ಕಂಪನದ ಎರಡರಷ್ಟರಿಂದ ಭಾಗಿಸಿದ್ರೆ 39 ಸೆಂಟಿಮೀಟರ್. ಮಕ್ಕಳು ಅಷ್ಟಕ್ಕೇ ಕತ್ತರಿಸ್ತಾರೆ. ಊದಿದ್ರೆ ಶ್ರುತಿ ಕೆಳಗೆ! ಗಾಳಿಯ ಕಂಬ ಪೈಪಿನ ಬಾಯಿಗೇ ನಿಲ್ಲೋದಿಲ್ಲ, ಸ್ವಲ್ಪ ಹೊರಗೆ ಚಾಚಿಕೊಳ್ತದೆ. ತೆರೆದ ತುದಿಯಲ್ಲಿ ತ್ರಿಜ್ಯದ 0.6ರಷ್ಟು, ಊದುವ ತೂತಿನ ಹತ್ತಿರ ಇನ್ನೂ ಹೆಚ್ಚು. ಎಲ್ಲ ಸೇರಿ ನಾಲ್ಕೈದು ಸೆಂಟಿಮೀಟರ್ ಕಳೀಬೇಕು. ಪಠ್ಯಪುಸ್ತಕದ ಸೂತ್ರಕ್ಕೂ ಪೈಪಿಗೂ ಇರೋ ವ್ಯತ್ಯಾಸ ಹುಡುಗರಿಗೆ ಅವತ್ತು ತಿಳೀತದೆ."

ಬೆರಳ ತೂತುಗಳಿಗೆ ಅವರ ಕ್ರಮ ಹೀಗೆ: ಬೇಕಾದ್ದಕ್ಕಿಂತ ಚಿಕ್ಕದಾಗಿ ಕೊರೆದು, ಊದಿ ನೋಡುತ್ತ, ದುಂಡು ಅರದಿಂದ ಹಿಗ್ಗಿಸುತ್ತ ಬರುವುದು. ತೂತು ಹಿಗ್ಗಿದಂತೆ ಸ್ವರ ಏರುತ್ತದೆ. ಏರಿದ್ದು ಮತ್ತೆ ಇಳಿಯದು. ಮೇಣ ಮೆತ್ತಿ ತೇಪೆ ಹಾಕಬಹುದು, ಅಷ್ಟೇ. ಕರ್ನಾಟಕ ಸಂಗೀತದ ಕೊಳಲಿಗೆ ಇಂಥ ಎಂಟು ತೂತು, ಎಂಟು ಸಲ ಉಸಿರು ಬಿಗಿಹಿಡಿಯುವ ಕೆಲಸ. ಬಿದಿರಿಗೆ ಕಾಸಿದ ಕಬ್ಬಿಣದ ಸರಳು ಹಿಡಿಯುತ್ತಾರೆ; ಬೈರಿಗೆ ಹಾಕಿದರೆ ನಾರು ಸೀಳುವ ಭಯ. ಪೈಪಿಗೆ ಮಾತ್ರ ಸರಳು ತಾಗಿಸಲು ಮಕ್ಕಳನ್ನು ಬಿಡುವುದಿಲ್ಲ. ಸುಟ್ಟ ಪಿವಿಸಿಯ ಹೊಗೆಯಲ್ಲಿ ಹೈಡ್ರೊಕ್ಲೋರಿಕ್ ಆಮ್ಲದ ಅನಿಲವಿರುತ್ತದೆ. ಅದಕ್ಕೆ ಕೈಬೈರಿಗೆಯೇ ಗತಿ.

ಬಿದಿರಿನ ವಿಷಯಕ್ಕೆ ಬಂದರೆ ಮೇಷ್ಟ್ರು ಜಿಪುಣರು. ಗೋಡೆ ತೆಳುವಾದ, ಗೆಣ್ಣು ದೂರ ದೂರವಿರುವ ಗಳಗಳನ್ನಷ್ಟೇ ಆರಿಸಿ, ಅಡಿಕೆ ಅಟ್ಟದ ಮೇಲೆ ನೆರಳಲ್ಲಿ ಒಣಗಲು ಬಿಟ್ಟಿದ್ದಾರೆ. ಬಿಸಿಲಿಗೆ ಹಾಕಿದರೆ ಸೀಳುತ್ತದೆ. ಅವಸರದವರಿಗೆ ಕೊಳಲಲ್ಲ.

"ಬೆಳಿಗ್ಗೆ ಕೂಡಿಸಿದ ಕೊಳಲು ಮಧ್ಯಾಹ್ನ ಯಾಕೆ ಕೂಡಲ್ಲ?" ಎಂದು ಕೇಳಿದಳು ತರುಣಿ.

"ಒಂದು ಡಿಗ್ರಿ ಬಿಸಿ ಏರಿದ್ರೆ ಶಬ್ದದ ವೇಗ ಸೆಕೆಂಡಿಗೆ 0.6 ಮೀಟರ್ ಏರ್ತದೆ. ಶ್ರುತಿಯಲ್ಲಿ ಮೂರು ಸೆಂಟ್. ಅರ್ಧ ಸ್ವರಕ್ಕೆ ನೂರು ಸೆಂಟ್ ಅಂತ ಲೆಕ್ಕ. ನಮ್ಮಲ್ಲಿ ಬೆಳಿಗ್ಗೆ 18 ಡಿಗ್ರಿ, ಮಧ್ಯಾಹ್ನ 30 ಆದ್ರೆ ಮೂವತ್ತಾರು ಸೆಂಟ್! ನಿಮ್ಮ ಉಸಿರಿನ ಬಿಸಿ ಒಳಗಿರೋದ್ರಿಂದ ಅಷ್ಟು ಪೂರ್ತಿ ಕಾಣ್ಸೋದಿಲ್ಲ, ಆದ್ರೂ ಕಿವಿಗೆ ಚುಚ್ತದೆ."

"ಅದೇ ಮಧ್ಯಾಹ್ನ ನನ್ನ ತಂತಿ ಬಿಸಿಗೆ ಹಿಗ್ಗಿ ಇಳಿಯುತ್ತೆ," ಎಂದರು ಹಿರಿಯರು. "ಕೊಳಲು ಮೇಲೆ, ತಂಬೂರಿ ಕೆಳಗೆ. ಕಚೇರಿಯಲ್ಲಿ ಪಾಪ ತಂಬೂರಿಯವರು ಬಿರಡೆ ತಿರುಗಿಸ್ತಾನೇ ಇರ್ತಾರೆ."

ಮೇಷ್ಟ್ರ ಇನ್ನೊಂದು ಕೆಲಸ ಚಪ್ಪರದಲ್ಲಿ ತೂಗುತ್ತಿದೆ: ತಿನ್ನಲಾಗದ ಕಹಿ ಸೋರೆ. ಮಕ್ಕಳಿಂದ ಏಕತಾರಿ ಮಾಡಿಸಬೇಕೆಂದು ಬೆಳೆಸಿದ್ದು. ಬಳ್ಳಿಯಲ್ಲೇ ಬಲಿತು, ಒಣಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಿಲಕಿ ಹೊಡೆಯಬೇಕು. ಬುರುಡೆಗೆ ಬಿದಿರು ತೂರಿಸಿ ಒಂದು ತಂತಿ ಕಟ್ಟಿಬಿಟ್ಟರೆ ತತ್ವಪದಕ್ಕೆ ಅಷ್ಟು ಸಾಕು. ಹಳ್ಳಿಯ ಭಜನೆ ಮಂಡಳಿಗಳಲ್ಲಿ ಹಾಡುವವರೇ ತಮ್ಮ ಏಕತಾರಿ ಕಟ್ಟಿಕೊಳ್ಳುತ್ತಿದ್ದರು. ಅವರನ್ನು ಯಾರೂ ಹವ್ಯಾಸಿ ತಯಾರಕರೆಂದು ಕರೆಯಲಿಲ್ಲ.

ಸೋರೆಯ ಜಾಡು ಹಿಡಿದು ಮೇಷ್ಟ್ರು ಮೀರಜಿಗೂ ಹೋಗಿ ಬಂದಿದ್ದಾರೆ. ಬೆಳಗಾವಿ ಗಡಿಯಾಚೆಯ ಆ ಊರು ಸಿತಾರ್, ತಂಬೂರಿಗಳ ತವರು. ಪಂಢರಪುರದ ಸುತ್ತಿನ ಹೊಲಗಳಲ್ಲಿ ಬೆಳೆದ ದೊಡ್ಡ ಬುರುಡೆಗಳು ಅಲ್ಲಿಗೆ ಬರುತ್ತವೆ. ಈ ಕೆಲಸ ಹಿಡಿದವರು ಶಿಕಲ್‌ಗಾರರು. ಕತ್ತಿ ಸಾಣೆ ಹಿಡಿಯುತ್ತಿದ್ದ ಮನೆತನಗಳು. ಯುದ್ಧಗಳು ನಿಂತು ಕತ್ತಿಗೆ ಕೆಲಸವಿಲ್ಲವಾದಾಗ 19ನೇ ಶತಮಾನದಲ್ಲಿ ವಾದ್ಯಕ್ಕೆ ಇಳಿದರು. ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಅದೇ ಊರಲ್ಲಿ. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಿಂದ ಹಿಡಿದು ಧಾರವಾಡ-ಹುಬ್ಬಳ್ಳಿಯ ಗಾಯಕರ ಮನೆಗಳಿಗೆ ಮೀರಜ್ ತಂಬೂರಿ ಹೊಸತಲ್ಲ. 2024ರಲ್ಲಿ ಮೀರಜಿನ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. "ಅಲ್ಲಿ ಒಬ್ಬರು ಬುರುಡೆಯನ್ನು ನೀರಲ್ಲಿ ನೆನೆಸಿ, ಕೊಯ್ದು, ಬಾಯಿಗೆ ಕಡ್ಡಿ ಕೊಟ್ಟು ಹಿಗ್ಗಿಸೋದು ನೋಡ್ದೆ," ಎಂದರು ಮೇಷ್ಟ್ರು. "ನಾನು ಕೇಳಿದ ಪ್ರಶ್ನೆಗೆಲ್ಲ ಉತ್ರ ಕೊಟ್ರು. ಕೈ ಮಾತ್ರ ಒಂದ್ ಕ್ಷಣ ನಿಲ್ಲಿಸ್ಲಿಲ್ಲ."

ತಂತಿಯ ಕೆಳಗೆ ಸ್ವರಗಳ ಮನೆ ಕಟ್ಟುವ ವಿಷಯದಲ್ಲಿ ಹಿರಿಯರಿಗೂ ತರುಣಿಗೂ ಮತ್ತೆ ಜಟಾಪಟಿ. ಅವಳ ಉಕುಲೇಲೆಯ ತಂತಿಯುದ್ದ 380 ಮಿಲಿಮೀಟರು. ಮೊದಲ ಮನೆ ಎಲ್ಲಿ? 380ನ್ನು 17.817ರಿಂದ ಭಾಗಿಸಿದರೆ 21.33. ಉಳಿದದ್ದನ್ನು ಮತ್ತೆ ಅದರಿಂದಲೇ ಭಾಗಿಸಿದರೆ ಎರಡನೆಯದು. ಹೀಗೆ ಹನ್ನೆರಡನೆಯದಕ್ಕೆ ಬಂದಾಗ ಸರಿಯಾಗಿ ಅರ್ಧ, 190. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಕಾಗದದ ಮೇಲೆ ಮುದ್ರಿಸಿ, ಹಲಗೆಗೆ ಅಂಟಿಸಿ ಗರಗಸ ಆಡಿಸುತ್ತಾಳೆ. ಅರ್ಧ ಮಿಲಿಮೀಟರ್ ಆಚೀಚೆಯಾದರೆ ಹಲಗೆ ಒಲೆಗೆ.

"ನಾವು ಭಾಗಿಸೋದೇ ಇಲ್ಲ," ಎಂದರು ಹಿರಿಯರು. ಶೆಡ್ಡಿನ ಮೂಲೆಯಲ್ಲಿ ಪಕ್ಕದ ಮನೆಯವರ ಹಳೆಯ ವೀಣೆಯೊಂದು ದುರಸ್ತಿಗೆ ಕೂತಿದೆ. 24 ಹಿತ್ತಾಳೆ ಮೆಟ್ಟಿಲುಗಳು. ಜೇನುಮೇಣಕ್ಕೆ ಇದ್ದಿಲ ಪುಡಿ ಕಲಸಿ ಕಟ್ಟಿದ ಕಪ್ಪು ದಿಂಡಿನ ಮೇಲೆ ಅವು ನಿಂತಿವೆ. ಕಾಸಿದ ಕಬ್ಬಿಣ ತಾಗಿಸಿದರೆ ಮೇಣ ಮೆತ್ತಗಾಗುತ್ತದೆ, ಮೆಟ್ಟಿಲನ್ನು ಒಂದಿಷ್ಟು ಸರಿಸಿ, ಮೀಟಿ, ಕಿವಿಗೆ ಒಪ್ಪಿದ ಕಡೆ ಬಿಟ್ಟರಾಯಿತು. ಇದನ್ನೇ ಮೇಳ ಕಟ್ಟುವುದು ಎನ್ನುತ್ತಾರೆ. ವರ್ಷಗಳ ಬೇಸಿಗೆಗೆ ಮೇಣ ಕುಸಿದರೆ ಮತ್ತೆ ಕಟ್ಟಬೇಕು. "ನಿನ್ನ ಗಾಂಧಾರ ಗಣಿತ ಹೇಳಿದಲ್ಲಿ ಇರುತ್ತೆ. ನನ್ನದು ಕಿವಿ ಹೇಳಿದಲ್ಲಿ."

"ಆದರೆ ಸಾರ್, ನಿಮ್ಮ ಕಿವಿಗೇ ನೆಗಡಿಯಾದ ದಿನ?"

"ಆ ದಿನ ಕಟ್ಟಲ್ಲ."

ಅಂಟಿನ ಮಾತು ಬೇಗ ಮುಗಿಯಿತು. ಅಂಗಡಿಯ ಬಿಳಿ ಅಂಟು ಸುಲಭ. ಆದರೆ ತಂತಿಯ ಎಳೆತ ವರ್ಷಗಟ್ಟಲೆ ಇದ್ದಲ್ಲಿ ತುಸು ಜಾರುತ್ತದೆ. ಚರ್ಮ ಕುದಿಸಿ ಮಾಡುವ ಹಳೆಯ ಅಂಟು ಗಾಜಿನಂತೆ ಗಟ್ಟಿಯಾಗುತ್ತದೆ, ಬೇಕಾದಾಗ ಬಿಸಿ-ತೇವ ಕೊಟ್ಟು ಬಿಚ್ಚಬಹುದು. ಅದಕ್ಕೆ ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು 60 ಡಿಗ್ರಿಯಲ್ಲಿ ಕಾಯಿಸಬೇಕು, ವಾಸನೆ ಸಹಿಸಬೇಕು. ಬಾಡಿಗೆ ಮನೆಯ ಮಾಲೀಕರು ಸಸ್ಯಾಹಾರಿಗಳು ಎಂದು ತರುಣಿ ಕೈಮುಗಿದಳು.

ಕೊನೆಗೆ ಹಲಸಿನ ವ್ಯಾಜ್ಯಕ್ಕೆ ಮೇಷ್ಟ್ರು ಪಂಚಾಯಿತಿ ಮಾಡಿದರು. ತರುಣಿ ಎರಡು ಉಕುಲೇಲೆ ಕಟ್ಟಬೇಕು. ಮುಂಬದಿ ಎರಡಕ್ಕೂ ಒಂದೇ ಸಿಲ್ವರ್ ಓಕ್ ಹಲಗೆಯಿಂದ ಸೀಳಿದ್ದು, ಒಂದೇ ದಪ್ಪ. ಒಂದರ ಹಿಂಬದಿ-ಪಕ್ಕಕ್ಕೆ ಸಿಲ್ವರ್ ಓಕ್, ಇನ್ನೊಂದಕ್ಕೆ ಹಿರಿಯರು ಕೊಡುವ ಹಲಸು. ಪರದೆಯ ಹಿಂದೆ ಕೂತು ಒಬ್ಬರೇ ಎರಡನ್ನೂ ನುಡಿಸಬೇಕು, ಹಿರಿಯರು ಈಚೆಯಿಂದ ಕೇಳಿ ಯಾವುದು ಹಲಸಿನದು ಎನ್ನಬೇಕು.

"ಒಂದೇ ಸಲ ಕೇಳಿಸಿದರೆ ಆಗಲ್ಲ ಸಾರ್, ಅದೃಷ್ಟದಿಂದಲೂ ಸರಿ ಹೇಳಬಹುದು," ಎಂದಳು ತರುಣಿ. "ಹತ್ತು ಸಲ. ಪ್ರತಿ ಸಲ ನಾಣ್ಯ ಚಿಮ್ಮಿ ಯಾವುದು ನುಡಿಸೋದು ಅಂತ ತೀರ್ಮಾನ."

"ನೂರು ಸಲ ಮಾಡು," ಎಂದರು ಹಿರಿಯರು. "ತಂತಿ ಎರಡಕ್ಕೂ ಒಂದೇ ಪ್ಯಾಕೆಟ್ಟಿನದ್ದಿರಲಿ. ಮತ್ತೆ ಹಲಸಿನ ಹಲಗೆಗೆ ತೋಪಡ ಹಾಕೋದು ನಾನು. ನೀನು ಮತ್ತೆ ಎಡಗಡೆ ದಪ್ಪ ಬಿಡ್ತೀಯ."